ಟೀಯ ಪರವಾಗಿಲ್ಲ, ಬಸ್ಸಿನ ಪರವಾಗಿಲ್ಲ

ಆ ದೊಡ್ಡ ಬಟ್ಟೆ ಅಂಗಡಿಯ ಎರಡನೆಯ ಮಹಡಿಯಲ್ಲಿ, ಹೆಂಗಸರ ವಿಭಾಗದ ಕೊನೆಗೆ, ಟ್ರಯಲ್ ರೂಮುಗಳ ಬಾಗಿಲಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಪರವಾಗಿಲ್ಲ ಅಕ್ಕ. ಹೆತ್ತವರು ಇಟ್ಟ ಹೆಸರೊಂದು ಅವಳಿಗೆ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಳಿದಿರಲಿಲ್ಲ. ಬಿಲ್ಲು ಹಾಕುವ ಹುಡುಗಿಯರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಪರವಾಗಿಲ್ಲ ಅಕ್ಕ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು. ‘ಇರಲಿ ಬಿಡಿ, ಪರವಾಗಿಲ್ಲ’ ಎಂದು ಅವಳೇ ಅದಕ್ಕೆ ಒಪ್ಪಿಗೆ ಕೊಟ್ಟಳು.

ಹೆಸರು ಬಂದದ್ದು ಅವಳ ಬಾಯಿಂದಲೇ. ಒಳಗೆ ಹೋದವರು ಹೊಸ ಬಟ್ಟೆ ಹಾಕಿಕೊಂಡು ಹೊರಗೆ ಬರುತ್ತಾರೆ. ದೊಡ್ಡ ಕನ್ನಡಿಯ ಮುಂದೆ ನಿಂತು ಎಡಕ್ಕೆ ತಿರುಗುತ್ತಾರೆ, ಬಲಕ್ಕೆ ತಿರುಗುತ್ತಾರೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಕನ್ನಡಿಯ ಮಾತು ಸಾಲದೆ ಹತ್ತಿರ ಯಾರಿದ್ದಾರೆ ಎಂದು ನೋಡುತ್ತಾರೆ. ಹತ್ತಿರ ಇರುವವಳು ಅಕ್ಕ. ‘ಹೇಗಿದೆ?’ ಎನ್ನುತ್ತಾರೆ. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಭುಜದ ಹೊಲಿಗೆ ನೋಡಿ, ಸೊಂಟ ನೋಡಿ, ಕೊನೆಗೆ ಮುಖ ನೋಡಿ ಹೇಳುತ್ತಾಳೆ: ‘ಪರವಾಗಿಲ್ಲ.’ ಅವಳ ಹತ್ತಿರ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ. ಬಟ್ಟೆ ಹೊಂದದಿದ್ದರೆ ‘ನೋಡಿ, ನಿಮ್ಮಿಷ್ಟ’ ಎನ್ನುತ್ತಿದ್ದಳು. ತೀರಾ ಅಧ್ವಾನವಾಗಿದ್ದರೆ ಏನೂ ಹೇಳದೆ ಹ್ಯಾಂಗರಿಗಾಗಿ ಕೈ ಚಾಚುತ್ತಿದ್ದಳು.

ಹೊಸಬರಿಗೆ ಇದು ಅರ್ಥವಾಗುತ್ತಿರಲಿಲ್ಲ. ಇಷ್ಟೆಲ್ಲ ಸಿಂಗಾರ ಮಾಡಿಕೊಂಡು ನಿಂತರೆ ಈ ಹೆಂಗಸು ಉಗುರು ಬೆಚ್ಚಗಿನ ನೀರು ಸುರಿದಳಲ್ಲ ಎಂದು ಮುಖ ಊದಿಸಿಕೊಂಡು ಹೋಗುತ್ತಿದ್ದರು. ಹಳಬರಿಗೆ ಗೊತ್ತಿತ್ತು. ಅವರು ‘ಪರವಾಗಿಲ್ಲ’ ಸಿಕ್ಕ ಕೂಡಲೇ ಮರುಮಾತಿಲ್ಲದೆ ಬಿಲ್ಲಿಗೆ ಹೋಗುತ್ತಿದ್ದರು.

ಸ್ಟೂಲಿನ ಮೇಲೆ ಕೂತು ಕೂತು ಅಕ್ಕನಿಗೆ ಜಗತ್ತಿನ ಬಗ್ಗೆ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿದ್ದವು. ಅಂಗಡಿಯ ಕನ್ನಡಿಯನ್ನು ನಂಬಬಾರದು ಎಂಬುದು ಮೊದಲನೆಯದು. ಅದನ್ನು ಗೋಡೆಗೆ ಚೂರು ಹಿಂದಕ್ಕೆ ಒರಗಿಸಿರುತ್ತಾರೆ, ಮೇಲೆ ಜೇನಿನ ಬಣ್ಣದ ದೀಪ ಹಾಕಿರುತ್ತಾರೆ. ಅದರ ಮುಂದೆ ನಿಂತವರೆಲ್ಲ ತೆಳ್ಳಗೆ, ಬೆಳ್ಳಗೆ. ಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಂತಾಗ ಗೊತ್ತಾಗುತ್ತದೆ ಬಂಡವಾಳ. ಗಂಡಂದಿರನ್ನು ಕರೆದುಕೊಂಡು ಬಟ್ಟೆ ಕೊಳ್ಳಲು ಬರುವುದು ಮಹಾ ದಂಡ ಎಂಬುದು ಇನ್ನೊಂದು. ಅವರು ಎರಡನೆಯ ಬಟ್ಟೆಗೇ ಆಕಳಿಸುತ್ತಾರೆ, ಮೂರನೆಯದಕ್ಕೆ ‘ಎಲ್ಲಾ ಒಂದೇ ಥರ ಇದೆ, ಯಾವ್ದಾದ್ರೂ ತಗೋ’ ಎಂದು ಫೋನಿನಲ್ಲಿ ಮುಳುಗುತ್ತಾರೆ. ಗೆಳತಿಯರ ಹಿಂಡು ಅದಕ್ಕಿಂತ ಕಷ್ಟ. ಒಬ್ಬಳಿಗೆ ಚೆನ್ನಾಗಿ ಕಂಡರೆ ಉಳಿದವರಿಗೆ ಹೊಟ್ಟೆ ಉರಿ, ‘ಬಣ್ಣ ಯಾಕೋ ನಿಂಗೆ ಹೊಡೀತಿದೆ ಕಣೇ’ ಎಂದು ಕಲ್ಲು ಹಾಕಿಬಿಡುತ್ತಾರೆ. ಅಕ್ಕನಿಗೆ ಇಷ್ಟವಾದವರು ಒಂಟಿಯಾಗಿ ಬರುವವರು. ಅದರಲ್ಲೂ ಏನನ್ನೂ ಕೊಳ್ಳದೆ ಸುಮ್ಮನೆ ಹಾಕಿ ನೋಡಲೆಂದೇ ಬರುವವರು. ಬೇರೆ ಕೆಲಸಗಾರರು ಅಂಥವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ‘ಅವರು ಸ್ವಲ್ಪ ಹೊತ್ತು ಚೆಂದ ಕಾಣ್ಲಿ ಬಿಡ್ರೇ, ನಿಮ್ಮ ಗಂಟೇನು ಹೋಗುತ್ತೆ?’ ಎನ್ನುತ್ತಿದ್ದಳು ಅಕ್ಕ.

ಕೆಲಸ ಮಾತ್ರ ದಣಿಸುತ್ತಿತ್ತು. ಟೋಕನ್ ಕೊಡು, ಟೋಕನ್ ಇಸಿದುಕೋ, ನೆಲದ ಮೇಲೆ ಒಳಹೊರಗಾಗಿ ಬಿದ್ದ ಬಟ್ಟೆಗಳನ್ನು ಎತ್ತಿ ಕೊಡವಿ ತಿರುವಿ ಗುಂಡಿ ಹಾಕಿ ಮಡಿಸು. ಸ್ಟೂಲು ಇತ್ತೆಂದ ಮಾತ್ರಕ್ಕೆ ಕೂರಲು ಆಗುತ್ತದೆಂದಲ್ಲ, ಎದ್ದು ಕೂತು ಮಾಡಿಯೇ ಮಂಡಿ ಸವೆದಿತ್ತು. ತಲೆಯ ಮೇಲೆ ಸ್ಪೀಕರ್. ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದದೇ ಹಾಡುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದವು. ಯಾವ ಹಾಡಿನ ಹಿಂದೆ ಯಾವ ಹಾಡು ಬರುತ್ತದೆಂದು ಅವಳ ಮಂಡಿಗೂ ಗೊತ್ತಾಗಿಹೋಗಿತ್ತು. ಈಗಿನ ಹಾಡುಗಳ ಬಗ್ಗೆ ಅವಳ ತಕರಾರು ಒಂದೇ: ಹುಡುಗ ಹುಡುಗಿಗೆ ‘ನೀನಿಲ್ಲದೆ ಉಸಿರಿಲ್ಲ’ ಎನ್ನುತ್ತಾನೆ, ಎನ್ನುತ್ತಾನೆ, ಎನ್ನುತ್ತಲೇ ಇರುತ್ತಾನೆ. ಉಸಿರಿಲ್ಲದವನಿಗೆ ಇಷ್ಟು ಹಾಡಲು ಎಲ್ಲಿಂದ ಬಂತು?

ಮನೆಯಲ್ಲಿ ಅವಳೂ ಗಂಡನೂ. ಮಗಳು ಮದುವೆಯಾಗಿ ಊರಿನ ಆ ಕಡೆ ಇದ್ದಳು. ಹೊಸ ಬಟ್ಟೆ ಕೊಂಡಾಗಲೆಲ್ಲ ಫೋಟೋ ಕಳಿಸಿ ‘ಚೆನ್ನಾಗಿದೆ ಅಲ್ವಾಮ್ಮಾ’ ಎಂದು ಬರೆಯುತ್ತಿದ್ದಳು. ಪ್ರಶ್ನೆಯ ಜೊತೆಗೆ ಉತ್ತರವನ್ನೂ ಅವಳೇ ಕಟ್ಟಿ ಕಳಿಸಿದ ಮೇಲೆ ಅಕ್ಕನಿಗೆ ಹೇಳಲು ಏನು ಉಳಿಯುತ್ತದೆ? ಅವಳೊಂದು ಹೂವಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ಮೇಲೆ ಕೈಗೆ ಕೆಲಸ ಇಲ್ಲದೆ ಚಡಪಡಿಸಿ, ಕೊನೆಗೆ ಸಂಜೆಯ ಟೀ ಮಾಡುವ ಕೆಲಸವನ್ನು ಹೆಂಡತಿಯಿಂದ ಕಿತ್ತುಕೊಂಡಿದ್ದ. ಎಂಜಿನ್ ಬಿಚ್ಚಿ ಕಟ್ಟಿದ ಕೈ, ಟೀಯನ್ನೂ ಹಾಗೇ ಮಾಡುತ್ತಿದ್ದ. ಒಂದು ದಿನ ಹಾಲು ಮೊದಲು, ಒಂದು ದಿನ ಪುಡಿ ಮೊದಲು, ಒಂದು ದಿನ ಸಕ್ಕರೆಯನ್ನು ಮೇಲಿನಿಂದ. ಅವಳು ಬಂದು ಚಪ್ಪಲಿ ಬಿಡುವುದೇ ತಡ ಲೋಟ ಕೈಗಿಟ್ಟು, ಎದುರಿಗೆ ನಿಂತು, ಅವಳು ಗುಟುಕು ನುಂಗುವವರೆಗೂ ಗಂಟಲನ್ನೇ ನೋಡುತ್ತ ‘ಹೇಗಿದೆ?’ ಎನ್ನುತ್ತಿದ್ದ.

‘ಪರವಾಗಿಲ್ಲ.’

ಅಷ್ಟು ಸಾಕು. ಬಹುಮಾನ ಗೆದ್ದವನ ಹಾಗೆ ಭುಜ ಕುಣಿಸಿಕೊಂಡು ತನ್ನ ಲೋಟ ತರಲು ಒಳಗೆ ಹೋಗುತ್ತಿದ್ದ.

ಆ ಮಾತಿನ ಬೆಲೆ ಅವನಷ್ಟು ಇನ್ನಾರಿಗೂ ತಿಳಿದಿರಲಿಲ್ಲ. ಅದಕ್ಕೊಂದು ಹಳೆಯ ಕಥೆ ಇದೆ. ಇಬ್ಬರೂ ಚಿಕ್ಕವರಾಗಿದ್ದಾಗ, ಪರಿಚಯವೇ ಇಲ್ಲದಾಗ, ಕಿಕ್ಕಿರಿದ ಬಸ್ಸಿನಲ್ಲಿ ಅವನು ಅವಳ ಕಾಲು ತುಳಿದಿದ್ದ. ತುಳಿದದ್ದು ಡಿಪೋದ ಕಬ್ಬಿಣದ ಮೂತಿಯ ಬೂಟಿನಲ್ಲಿ. ‘ಅಯ್ಯೋ, ನೋಡ್ಲಿಲ್ಲ ರೀ’ ಎಂದು ಅವನು ಗಾಬರಿಯಾದಾಗ ಅವಳು ‘ಪರವಾಗಿಲ್ಲ’ ಎಂದಳು. ಮುಖ ಮಾತ್ರ ಸುಣ್ಣದ ಹಾಗಿತ್ತು. ಅವನು ನಂಬಲಿಲ್ಲ. ‘ಕಾಲು ತೋರ್ಸಿ’ ಎಂದು ಅಷ್ಟು ಜನರ ನಡುವೆ ಬಗ್ಗಿ ನೋಡಿದರೆ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸೋರುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿಸಿ ಕಟ್ಟು ಕಟ್ಟಿಸಿ ಮನೆಯವರೆಗೆ ಬಿಟ್ಟುಬಂದ. ಮತ್ತೆ ವಿಚಾರಿಸಲು ಹೋದ. ವಿಚಾರಿಸುವುದಕ್ಕೆ ಏನೂ ಉಳಿಯದಿದ್ದಾಗಲೂ ಹೋದ. ಅವಳ ಅಮ್ಮನಿಗೆ ಎಲ್ಲ ಅರ್ಥವಾಗಿ, ಒಂದು ದಿನ ಅವನು ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಮಗಳನ್ನು ಕೇಳಿದಳು: ‘ಹುಡುಗ ಹೇಗೇ?’

‘ಪರವಾಗಿಲ್ಲ’ ಎಂದಳು ಮಗಳು. ಬಾಗಿಲಾಚೆ ಒಂದು ಚಪ್ಪಲಿ ಕೈಯಲ್ಲೇ ಉಳಿಯಿತು.

‘ನಿನ್ನ ಹತ್ರ ಎರಡು ಪರವಾಗಿಲ್ಲ ಇದೆ ಕಣೇ’ ಎಂದು ಅವನು ಆಗಾಗ ರೇಗಿಸುತ್ತಿದ್ದ. ‘ಒಂದು ಬಸ್ಸಿಂದು. ಉಗುರು ಕಿತ್ರೂ ಹೇಳೋದು. ಇನ್ನೊಂದು ನನ್ನ ನೋಡಿ ಹೇಳಿದ್ದು, ಈಗ ಟೀಗೆ ಹೇಳೋದು. ನಾನೊಬ್ನೇ ಎರಡನ್ನೂ ಕೇಳಿರೋನು.’

ಅಕ್ಕನ ಸುಖಗಳು ದೊಡ್ಡವೇನಲ್ಲ. ವಾರದ ರಜೆಯಲ್ಲಿ ಪಾತ್ರೆ ಅಂಗಡಿಗಳ ಬೀದಿಗೆ ಹೋಗಿ ಡಬ್ಬಿಗಳನ್ನು ನೋಡುವುದು ಒಂದು. ಬಟ್ಟೆಯ ಹುಚ್ಚು ಅವಳಿಗೆ ಇರಲಿಲ್ಲ, ದಿನವಿಡೀ ಬಟ್ಟೆ ಮಡಿಸುವವಳಿಗೆ ಬಟ್ಟೆ ಕಂಡರೆ ತೋಳು ನೋಯುತ್ತದೆ. ಡಬ್ಬಿ ಕಂಡರೆ ಕಣ್ಣರಳುತ್ತಿತ್ತು. ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದು ಒತ್ತಿ, ‘ಟಕ್’ ಎಂಬ ಸದ್ದು ಸರಿಯಾಗಿ ಬಂದರೆ ಮಾತ್ರ ಕೊಳ್ಳುವುದು. ಅಡಿಗೆಮನೆಯ ಹಲಗೆಗಳ ತುಂಬ ಖಾಲಿ ಡಬ್ಬಿಗಳು. ‘ಇಡೋಕೆ ಸಾಮಾನಿಲ್ಲದ ಮನೇಲಿ ಸಾಮಾನು ಇಡೋಕೆ ಜಾಗಕ್ಕೇನೂ ಬರ ಇಲ್ಲ’ ಎನ್ನುತ್ತಿದ್ದ ಗಂಡ. ಇನ್ನೊಂದು ಸುಖ, ಟಿವಿಯ ಹಾಡಿನ ಸ್ಪರ್ಧೆ. ಹಾಡುವವರಿಗಿಂತ ತೀರ್ಪುಗಾರರ ಮೇಲೆ ಅವರಿಬ್ಬರ ಕಣ್ಣು. ಯಾರೇ ಹಾಡಲಿ, ಅವರಲ್ಲೊಬ್ಬಳು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು ‘ಸೂಪರ್, ಸೂಪರ್’ ಎಂದು ಎದ್ದು ನಿಲ್ಲುತ್ತಿದ್ದಳು.

‘ಎಲ್ಲರಿಗೂ ಸೂಪರ್ ಅಂದ್ರೆ ಸೋತೋನು ಯಾರೇ?’ ಎನ್ನುತ್ತಿದ್ದ ಗಂಡ.

‘ನೋಡೋರು’ ಎನ್ನುತ್ತಿದ್ದಳು ಅಕ್ಕ.

ಹೀಗೆ ಹೇಗೋ ಸಾಗುತ್ತಿದ್ದ ಬಾಳಿಗೆ ಟೈ ಸರ್ ಬಂದರು. ಅವರು ಹೊಸ ಮ್ಯಾನೇಜರ್. ಬಿಸಿಲಿಗೂ ಚಳಿಗೂ ಟೈ ಬಿಚ್ಚದ ಕಾರಣ ಬಂದ ವಾರವೇ ಅವರಿಗೂ ನಾಮಕರಣ ಆಗಿತ್ತು. ಕೆಟ್ಟವರಲ್ಲ. ಊಟದ ಹೊತ್ತಿನಲ್ಲಿ ಯಾರನ್ನೂ ಕೂಗುತ್ತಿರಲಿಲ್ಲ, ಸ್ಟೂಲಿಗೊಂದು ಮೆತ್ತೆ ತರಿಸಿಕೊಟ್ಟವರೂ ಅವರೇ. ಮೆತ್ತೆಯ ಹಿಂದೆಯೇ ಒಂದು ಯಂತ್ರವನ್ನೂ ತರಿಸಿ ಟ್ರಯಲ್ ರೂಮಿನ ಬಾಗಿಲಿಗೆ ನಿಲ್ಲಿಸಿದರು. ಅದರ ಮೇಲೆ ಮೂರು ಮುಖಗಳ ಗುಂಡಿ. ಹಸಿರು ಮುಖ ಹಲ್ಲು ಕಿರಿಯುತ್ತಿತ್ತು, ಕೆಂಪು ಮುಖ ಅಳುತ್ತಿತ್ತು, ನಡುವಿನ ಹಳದಿ ಮುಖದ ಬಾಯಿ ಒಂದು ಅಡ್ಡಗೆರೆ. ಬಂದವರು ಹೋಗುವಾಗ ತಮ್ಮ ಮನಸ್ಸಿಗೆ ಬಂದದ್ದನ್ನು ಒತ್ತಿ ಹೋಗಬೇಕು. ಅಕ್ಕನಿಗೆ ನಡುವಿನ ಮುಖ ನೋಡಿದ ಕೂಡಲೇ ಹಿಡಿಸಿತು. ತನ್ನದೇ ಸಂಬಂಧಿಕಳ ಹಾಗಿತ್ತು ಅದು, ಹಲ್ಲೂ ಇಲ್ಲ, ಕಣ್ಣೀರೂ ಇಲ್ಲ.

ಎಡವಟ್ಟಾದದ್ದು ಅಲ್ಲೇ. ಅಕ್ಕನ ಹಳೆಯ ಗಿರಾಕಿಗಳು ಅಕ್ಕನಂಥವರೇ. ಪಕ್ಕದ ಶಾಲೆಯ ಟೀಚರಮ್ಮ ಒಬ್ಬರಿದ್ದರು, ಎತ್ತರದ ಹೆಂಗಸು, ಅಕ್ಕನನ್ನು ಕೇಳದೆ ಒಂದು ಕರ್ಚೀಫನ್ನೂ ಕೊಂಡವರಲ್ಲ. ಅವರು ಯಂತ್ರದ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ತುಂಬು ಪ್ರೀತಿಯಿಂದ ಹಳದಿ ಮುಖ ಒತ್ತಿದರು. ‘ನಾನು ಮಕ್ಕಳಿಗೂ ಪೂರ್ತಿ ಮಾರ್ಕ್ಸ್ ಕೊಡೋದಿಲ್ಲ. ಕೊಟ್ರೆ ಕೊಬ್ತಾರೆ’ ಎಂದು ಅಕ್ಕನ ಕಡೆ ನಕ್ಕು ಹೋದರು. ಉಳಿದ ಹಳಬರದೂ ಅದೇ ಲೆಕ್ಕ. ‘ಎಲ್ಲ ಸರಿ ಇತ್ತು, ಪರವಾಗಿಲ್ಲ’ ಎಂದುಕೊಂಡು ನಡುವಿನ ಗುಂಡಿ ಒತ್ತಿದರು. ಮೆಚ್ಚಿದವರೆಲ್ಲ ಸೇರಿ ಅಕ್ಕನ ಬಾಗಿಲನ್ನು ಹಳದಿ ಮಾಡಿಹಾಕಿದರು.

ಟೈ ಸರ್ ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು.

‘ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇಡೀ ಅಂಗಡೀಲಿ ನಿಮ್ಮ ಬಾಗ್ಲೇ ತೀರಾ ಹಿಂದೆ ಇದೆ.’

‘ಹಳದಿ ಇದೆಯಲ್ಲ ಸರ್. ಹಳದಿ ಅಂದ್ರೆ ಪರವಾಗಿಲ್ಲ ಅಂತ ಅಲ್ವಾ?’

‘ಅದೇ ನೋಡಿ ಕಷ್ಟ. ಹೆಡ್ ಆಫೀಸಲ್ಲಿ ಹಳದೀನೂ ಕೆಂಪಿನ ಜೊತೆಗೇ ಸೇರಿಸ್ತಾರೆ. ಹಸಿರು ಒಂದೇ ಪಾಸು.’ ಅವರು ಟೈ ಸಡಿಲಿಸಿದಂತೆ ಮಾಡಿ ಮತ್ತೆ ಬಿಗಿ ಮಾಡಿಕೊಂಡರು. ‘ಯಾರಾದ್ರೂ ಹೇಗಿದೆ ಅಂದ್ರೆ ಸೂಪರ್ ಅಂದ್ಬಿಡಿ. ನಿಮ್ಮ ಗಂಟೇನು ಹೋಗುತ್ತೆ? ಜನ ಖುಷಿಯಾಗಿ ಹಸಿರು ಒತ್ತಿ ಹೋಗ್ತಾರೆ. ಈ ತಿಂಗಳು ಮುಗಿಯೋದ್ರೊಳಗೆ ಬಾಗಿಲು ಹಸಿರಾಗ್ದಿದ್ರೆ ನಿಮ್ಮನ್ನ ಕೆಳಗೆ ಗೋಡೌನಿಗೆ ಹಾಕ್ಬೇಕಾಗುತ್ತೆ. ನನ್ನ ಕೈಲಿಲ್ಲ ಅಕ್ಕಾ.’

ತನ್ನ ಮಾತೇ ತನಗೆ ತಿರುಗಿ ಬಂತಲ್ಲ ಎಂದು ಅಕ್ಕ ಒಂದು ಕ್ಷಣ ಬೆಪ್ಪಾದಳು. ಗಂಟೇನು ಹೋಗುತ್ತೆ?

ಗೋಡೌನು ಅವಳಿಗೆ ಗೊತ್ತಿತ್ತು. ನೆಲಮಾಳಿಗೆ, ಕಿಟಕಿ ಇಲ್ಲ, ಹಗಲಿಗೂ ದೀಪ. ವಾಪಸು ಬಂದ ಬಟ್ಟೆಗಳಿಗೆ ಹೊಸ ಚೀಟಿ ಹೊಡೆದು ಮೂಟೆ ಕಟ್ಟುವ ಕೆಲಸ. ಕೂತು ಮಾಡುವ ಕೆಲಸವೇ, ಮಂಡಿಗೆ ಅನುಕೂಲ. ಅಲ್ಲಿ ಒಬ್ಬ ವಯಸ್ಸಾದ ಅಣ್ಣ ಇದ್ದ. ಮೊದಲು ಗಂಡಸರ ವಿಭಾಗದಲ್ಲಿ ವಟವಟ ಮಾತಾಡಿಕೊಂಡು ಇದ್ದವನೇ. ಕೆಳಗೆ ಹೋದ ಮೇಲೆ ಅವನಿಗೆ ಮಾತೇ ಮರೆತಂತಾಗಿತ್ತು, ಮೆಟ್ಟಿಲಲ್ಲಿ ಎದುರಾದರೂ ಗೋಡೆ ನೋಡಿಕೊಂಡು ಹೋಗುತ್ತಿದ್ದ. ಸಂಬಳ ಕಡಿಮೆಯಾಗುವುದಿಲ್ಲ, ಯಾರೂ ಬೈಯುವುದಿಲ್ಲ. ಆದರೆ ಅಲ್ಲಿ ಒಬ್ಬರೂ ಬಂದು ಎದುರಿಗೆ ನಿಂತು ‘ಹೇಗಿದೆ’ ಎಂದು ಕೇಳುವುದಿಲ್ಲ. ಅಕ್ಕನಿಗೆ ಹೆದರಿಕೆಯಾದದ್ದು ಅದಕ್ಕೆ. ಅವಳನ್ನು ಯಾರಾದರೂ ಏನಾದರೂ ಕೇಳುವ ಜಾಗ ಈ ಭೂಮಿಯ ಮೇಲೆ ಎರಡೇ ಇದ್ದವು, ಒಂದು ಆ ಸ್ಟೂಲು, ಇನ್ನೊಂದು ಗಂಡನ ಟೀ. ಸ್ಟೂಲು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಅದಕ್ಕೇ ಕಲಿತಳು. ಬಚ್ಚಲುಮನೆಯಲ್ಲಿ ಹಲ್ಲುಜ್ಜುವಾಗ ಕನ್ನಡಿಗೆ ‘ಸೂಪರ್’ ಎಂದು ಹೇಳಿ ನೋಡಿದಳು. ನಾಲಿಗೆ ಹೊರಳಿತು, ಮುಖ ಹೊರಳಲಿಲ್ಲ. ಟಿವಿಯ ಕರ್ಚೀಫಿನವಳನ್ನು ನೆನೆಸಿಕೊಂಡು ಹುಬ್ಬು ಮೇಲೆತ್ತಿ ಹೇಳಿದಳು. ಅದು ಸ್ವಲ್ಪ ಪರವಾಗಿಲ್ಲ ಎನಿಸಿತು.

ಮೊದಲ ‘ಸೂಪರ್’ ಕೇಳಿದ ಹೆಂಗಸು ಹಿಗ್ಗಿ ಹೀರೇಕಾಯಿಯಾಗಿ ಹಸಿರು ಒತ್ತಿದಳು. ಎರಡನೆಯವಳೂ ಒತ್ತಿದಳು. ಇಷ್ಟು ಸುಲಭವಿತ್ತೇ ಎಂದು ಅಕ್ಕನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಭುಜದಿಂದ ಜಾರುವ ಅಂಗಿಗೂ ಸೂಪರ್, ಉಸಿರು ಕಟ್ಟಿಸುವ ಪ್ಯಾಂಟಿಗೂ ಸೂಪರ್. ಕೆಲವು ದಿನಗಳಲ್ಲಿ ಅವಳು ಭುಜದ ಹೊಲಿಗೆ ನೋಡುವುದನ್ನೇ ಬಿಟ್ಟಳು. ಹೇಳುವ ಮಾತು ಒಂದೇ ಎಂದ ಮೇಲೆ ನೋಡುವುದು ಯಾಕೆ? ಕನ್ನಡಕ ಮೂಗಿನ ಮೇಲೆ ಇದ್ದಲ್ಲೇ ಇತ್ತು. ಹೊಸಬರು ಒಮ್ಮೆ ಕೇಳಿ ಹೋಗುತ್ತಿದ್ದರು. ಹಳಬರು ಕೇಳುವುದನ್ನು ನಿಧಾನವಾಗಿ ನಿಲ್ಲಿಸಿದರು, ಕನ್ನಡಿ ನೋಡಿಕೊಂಡು ತಮ್ಮಷ್ಟಕ್ಕೆ ತಾವೇ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಟೈ ಸರ್ ದಾರಿಯಲ್ಲಿ ಸಿಕ್ಕಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸಿದರು. ಇಡೀ ದಿನ ಮೂಟೆ ಹೊತ್ತವಳ ಹಾಗೆ ಅಕ್ಕನ ದವಡೆ ನೋಯುತ್ತಿತ್ತು.

ಒಂದು ಮಧ್ಯಾಹ್ನ ಟೀಚರಮ್ಮ ಬಂದರು. ಅವರ ಕೈಯಲ್ಲಿ ಬೂದು ಬಣ್ಣದ ಒಂದು ಕೋಟು. ಶಾಲೆಯಲ್ಲಿ ಅವರನ್ನು ಹೆಡ್‌ಮಿಸ್ ಮಾಡಿದ್ದರು, ಮರುದಿನ ಎಲ್ಲರ ಎದುರು ನಿಂತು ಮಾತಾಡಬೇಕಿತ್ತು. ಕೋಟು ಹಾಕಿಕೊಂಡು ಬಂದು ಕನ್ನಡಿಯ ಕಡೆ ತಿರುಗಲೂ ಇಲ್ಲ, ನೇರವಾಗಿ ಅಕ್ಕನ ಮುಂದೆ ನಿಂತು ಕೈ ಅಗಲಿಸಿದರು.

‘ಹೇಗಿದೆ ರೀ?’

ಕೋಟು ಹೇಳಿ ಹೊಲಿಸಿದ ಹಾಗಿತ್ತು. ಭುಜ ಭುಜದ ಮೇಲೆ, ತೋಳು ಮಣಿಕಟ್ಟಿನ ಮೇಲೆ. ಇಂಥದ್ದನ್ನು ಅಕ್ಕ ಎಷ್ಟೋ ದಿನದಿಂದ ನೋಡಿರಲಿಲ್ಲ. ಅವಳ ಹೊಟ್ಟೆಯೊಳಗೆ ಹಳೆಯ ಮಾತು ಎದ್ದಿತು. ಬಾಯಿಗೆ ಬರುವಷ್ಟರಲ್ಲಿ ಹುಬ್ಬು ತಾನಾಗಿ ಮೇಲೆ ಹೋಯಿತು.

‘ಸೂಪರ್ ಮೇಡಂ!’

ಟೀಚರಮ್ಮನ ಕೈ ಹಾಗೇ ಇಳಿಯಿತು. ‘ಓ’ ಎಂದರು. ಆಮೇಲೆ ಸಣ್ಣ ದನಿಯಲ್ಲಿ, ‘ನೀವೂ ಶುರು ಮಾಡಿದ್ರಾ?’ ಎಂದರು.

ಒಳಗೆ ಹೋಗಿ ಕೋಟು ಬಿಚ್ಚಿ ತಂದು, ಚೊಕ್ಕವಾಗಿ ಮಡಿಸಿ ಅವಳ ಕೈಗಿಟ್ಟರು. ‘ಇಲ್ಲ, ನನಗೆ ಇದು ಹೊಂದೋದಿಲ್ಲ ಅನ್ಸುತ್ತೆ’ ಎಂದು ಹೊರಟರು. ಹೋಗುವಾಗ ಯಂತ್ರದ ಹತ್ತಿರ ನಿಂತು ಹಸಿರು ಗುಂಡಿ ಒತ್ತಿದರು. ಅಕ್ಕನಿಗೆ ಕೆಂಪು ಒತ್ತಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ‘ಮೇಡಂ, ಚೆನ್ನಾಗಿದೆ, ನಿಜವಾಗ್ಲೂ’ ಎಂದು ಕೂಗಬೇಕೆಂದು ಎದ್ದಳು. ಎಷ್ಟು ಕೂಗಿದರೂ ಈಗ ಅದು ಮಾರುವವಳ ಕೂಗೇ ಅಲ್ಲವೇ ಎಂದುಕೊಂಡು ಕೂತಳು.

ಆ ಸಂಜೆ ಗಂಡ ಲೋಟ ಕೈಗಿಟ್ಟು, ‘ಇವತ್ತು ಪುಡಿಗೆ ಮೊದಲು ನೀರನ್ನ ಎರಡು ಸಲ ಕುದಿಸಿದೀನಿ. ಹೇಗಿದೆ?’ ಎಂದು ಎದುರು ನಿಂತ. ಅಕ್ಕ ಗುಟುಕು ನುಂಗಿದಳು. ರುಚಿ ನೋಡಿರಲಿಲ್ಲ.

‘ಸೂಪರ್’ ಎಂದಳು.

ಗಂಡನ ಮುಖ ಇಳಿದುಹೋಯಿತು. ಅವಳ ಕೈಯಿಂದ ಲೋಟ ಇಸಿದುಕೊಂಡು ತಾನೇ ಒಂದು ಗುಟುಕು ಕುಡಿದು ನೋಡಿದ. ‘ಅಷ್ಟು ಕೆಟ್ಟದಾಗಿದೆಯೇನೇ?’ ಎಂದ.

ಅಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಸೋಫಾದ ಮೇಲೆ ಕುಸಿದು ಟೀಚರಮ್ಮನ ಕೋಟಿನಿಂದ ಹಿಡಿದು ಎಲ್ಲ ಹೇಳಿದಳು. ಗಂಡ ಕೇಳಿಸಿಕೊಂಡ. ಬುದ್ಧಿ ಹೇಳಲಿಲ್ಲ, ಟೈ ಸರ್‌ಗೆ ಶಾಪವನ್ನೂ ಹಾಕಲಿಲ್ಲ. ‘ಸೂಪರ್ ಬಿಟ್ರೆ ಕೆಳಗೆ ಹೋಗ್ಬೇಕಾಗುತ್ತೇನೋ’ ಎಂದ.

‘ಹೂಂ.’

‘ಕಿಟಕಿ ಇಲ್ಲ ಅಲ್ವಾ ಅಲ್ಲಿ?’

‘ಇಲ್ಲ.’

‘ಹೋಗು, ಬೇಡ, ಎರಡೂ ನಾನು ಹೇಳೋಲ್ಲ’ ಎಂದ ಗಂಡ. ‘ಆದ್ರೆ ಆ ಮಾತು ಮನೆಗೆ ತರ್ಬೇಡ. ನನಗೆ ಭಯ ಆಯ್ತು.’

ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು, ಬಾಗಿಲು ಹಸಿರಾಗುತ್ತಲೇ ಇತ್ತು. ಹೆಡ್ ಆಫೀಸಿನವರೊಬ್ಬರು ನೋಡಲು ಬಂದರು. ಟೈ ಸರ್ ಹೆಮ್ಮೆಯಿಂದ ಅವರನ್ನು ಅಕ್ಕನ ಸ್ಟೂಲಿನ ಹತ್ತಿರವೇ ಕರೆತಂದು ಯಂತ್ರ ತೋರಿಸುತ್ತಿದ್ದರು. ಅದೇ ಹೊತ್ತಿಗೆ ಒಳಗಿನಿಂದ ಒಬ್ಬಳು ಹೊರಗೆ ಬಂದಳು. ಅಕ್ಕನದೇ ವಯಸ್ಸು, ಅಕ್ಕನ ಹಾಗೇ ದಣಿದ ಮುಖ. ಮೈಮೇಲೆ ಸಾಸಿವೆ ಹೂವಿನ ಬಣ್ಣದ ಉದ್ದನೆಯ ಅಂಗಿ. ಇಂಥ ಬಣ್ಣ ಹಾಕುವ ಧೈರ್ಯ ಬಹಳ ವರ್ಷದಿಂದ ಮಾಡಿಲ್ಲವೆಂದು ಅವಳು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು, ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡಿದ್ದಳು.

‘ಹೇಗಿದೆ? ಮನೇಲಿ ನಗ್ತಾರೇನೋ. ಸುಮ್ನೆ ಹೇಳ್ಬೇಡಿ, ನಿಜ ಹೇಳಿ’ ಎಂದಳು.

ಟೈ ಸರ್ ಇತ್ತ ತಿರುಗಿ, ಹೇಳಿ ಎನ್ನುವಂತೆ ಹುಬ್ಬು ಹಾರಿಸಿದರು. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿದಳು. ಭುಜದ ಹೊಲಿಗೆ ನೋಡಿದಳು. ‘ಕೈ ತೆಗೀರಿ’ ಎಂದು ಸೊಂಟ ನೋಡಿದಳು. ಕೊನೆಗೆ ಮುಖ ನೋಡಿದಳು. ಬಾಯಿಗೆ ಬಂದ ಸೂಪರನ್ನು ಕಷ್ಟಪಟ್ಟು ನುಂಗಿದಳು.

‘ಪರವಾಗಿಲ್ಲ’ ಎಂದಳು.

ಆ ಹೆಂಗಸಿನ ಮುಖ ನೋಡಬೇಕಿತ್ತು. ‘ಹೌದಾ? ನಿಜವಾಗ್ಲೂ ಪರವಾಗಿಲ್ವಾ?’ ಎಂದು ಕನ್ನಡಿಯ ಕಡೆ ತಿರುಗಿ, ಹೊಟ್ಟೆ ಬಿಟ್ಟುಕೊಂಡೇ ನಿಂತು, ತನಗೆ ತಾನೇ ನಕ್ಕಳು. ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದು, ಅಂಗಿಯನ್ನು ಎದೆಗೆ ಅವಚಿಕೊಂಡು ಬಿಲ್ಲಿಗೆ ಹೊರಟಳು. ಎರಡು ಹೆಜ್ಜೆ ಹೋದವಳು ಏನೋ ನೆನಪಾಗಿ ಹಿಂದೆ ಬಂದಳು. ಯಂತ್ರದ ಮೂರು ಮುಖಗಳನ್ನೂ ಒಂದೊಂದಾಗಿ ನೋಡಿ, ಸಂತೋಷದಿಂದ ಬೀಗುತ್ತ, ಹೆಡ್ ಆಫೀಸಿನವರ ಕಣ್ಣೆದುರೇ ಹಳದಿ ಗುಂಡಿ ಒತ್ತಿದಳು.

ಹೆಡ್ ಆಫೀಸಿನವರು ಟೈ ಸರ್ ಮುಖ ನೋಡಿದರು. ಟೈ ಸರ್ ಅಕ್ಕನ ಮುಖ ನೋಡಿದರು. ಅಕ್ಕ ಅಂಗಿಯ ಖಾಲಿ ಹ್ಯಾಂಗರನ್ನು ಕಂಬಿಗೆ ಸಿಕ್ಕಿಸಿದಳು. ಅವಳಿಗೆ ಬಹಳ ದಿನದ ಮೇಲೆ ದವಡೆ ಹಗುರಾಗಿತ್ತು. ಮುಂದಿನ ವಾರದಿಂದ ಅವಳು ಗೋಡೌನಿಗೆ, ಅವಳ ಸ್ಟೂಲಿಗೆ ಬಿಲ್ಲಿನ ಹುಡುಗಿಯರಲ್ಲಿ ಒಬ್ಬಳು ಎಂದಾಯಿತು. ಟೈ ಸರ್ ಬೇಜಾರಿನಿಂದಲೇ ಹೇಳಿದರು. ಮೆತ್ತೆಯನ್ನು ಬೇಕಾದರೆ ಕೆಳಗೆ ತೆಗೆದುಕೊಂಡು ಹೋಗಿ ಎಂದೂ ಹೇಳಿದರು.

ಗೋಡೌನಿನ ಮೊದಲ ದಿನ ಅವಳು ಮೆತ್ತೆಯ ಮೇಲೆ ಕೂತು ವಾಪಸು ಬಂದ ಬಟ್ಟೆಗಳಿಗೆ ಚೀಟಿ ಹೊಡೆದಳು. ಕೊಂಡವರ ಮನೆಯ ಟ್ಯೂಬ್‌ಲೈಟಿನ ಕೆಳಗೆ ಬಂಡವಾಳ ಬಯಲಾಗಿ ಬಂದ ಬಟ್ಟೆಗಳೇ ಎಲ್ಲ. ಅವುಗಳಲ್ಲಿ ತಾನೇ ಸೂಪರ್ ಎಂದ, ಭುಜದಿಂದ ಜಾರುವ ಅಂಗಿಯೂ ಇತ್ತು. ಅದಕ್ಕೂ ಚೀಟಿ ಹೊಡೆದಳು. ಹಾಡು ಕೂಡ ಕೆಳಗೆ ಕೇಳಿಸುತ್ತಿರಲಿಲ್ಲ. ಆ ದರಿದ್ರ ಹಾಡುಗಳಿಗಾಗಿಯೂ ಮನಸ್ಸು ಹಂಬಲಿಸುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆಚೆ ಮೂಲೆಯಲ್ಲಿ ಅಣ್ಣ ಮೂಟೆ ಕಟ್ಟುತ್ತಿದ್ದ. ಊಟದ ಹೊತ್ತಿಗೆ ಅಕ್ಕ ‘ದಾರ ಗಟ್ಟಿ ಇದೆಯಾ ಅಣ್ಣಾ?’ ಎಂದು ಸುಮ್ಮನೆ ಕೇಳಿದಳು. ಅವನು ದಾರವನ್ನೇ ನೋಡಿ ಮತ್ತೆ ಗಂಟು ಹಾಕತೊಡಗಿದ.

ಸಂಜೆ ಮನೆಗೆ ಬಂದಾಗ ಅವಳ ತಲೆಗೂದಲ ಮೇಲೆ ಬಟ್ಟೆಯ ನೂಲಿನ ಧೂಳು. ಗಂಡ ಲೋಟ ಕೈಗಿಟ್ಟ. ಎದುರಿಗೆ ನಿಂತ. ಇವತ್ತು ಟೀಯ ಮಾತು ಎತ್ತಲಿಲ್ಲ.

‘ಹೇಗಿತ್ತು ಕೆಳಗೆ?’

‘ಪರವಾಗಿಲ್ಲ’ ಎಂದಳು ಅಕ್ಕ.

ಗಂಡ ಭುಜ ಕುಣಿಸಲಿಲ್ಲ, ಒಳಗೆ ಹೋಗಲೂ ಇಲ್ಲ. ಅವಳ ಮುಖವನ್ನೇ ನೋಡುತ್ತ ನಿಂತ.

‘ಯಾವ ಪರವಾಗಿಲ್ಲ?’ ಎಂದು ಕೇಳಿದ. ‘ಟೀದಾ, ಬಸ್ಸಿಂದಾ?’

ಅಕ್ಕ ಲೋಟದೊಳಗೆ ನೋಡಿದಳು. ಅವಳ ಇಡೀ ಬಾಳಿನಲ್ಲಿ ಇವನೊಬ್ಬನಿಗೆ ಮಾತ್ರ ಆ ಮಾತಿನಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಅವಳಿಗೆ ಸಾಧ್ಯವಾಗಿರಲಿಲ್ಲ.

‘ಬಸ್ಸಿಂದು’ ಎಂದಳು. ‘ಇಡೀ ದಿನ ಒಬ್ರೂ ಏನೂ ಕೇಳ್ಲಿಲ್ಲ ರೀ.’

ಹೇಳಿದ್ದೇ ತಡ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡರಲ್ಲೂ ಲೋಟ ಹಿಡಿದುಕೊಂಡಿದ್ದಳು. ಗಂಡ ಅವಳ ತಲೆಯ ಮೇಲಿನ ಧೂಳನ್ನು ಒಂದೊಂದೇ ಎಳೆಯಾಗಿ ಆರಿಸಿ ತೆಗೆದ. ಆಮೇಲೆ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ನಿಂತ.

‘ಸರಿ. ಟೀ ಹೇಗಿದೆ ಹೇಳು’ ಎಂದ.

ಅವಳು ಮೂಗೆಳೆದುಕೊಂಡು ಒಂದು ಗುಟುಕು ಕುಡಿದಳು. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ, ಸರಿಯಾಗಿ ರುಚಿ ನೋಡಿ ನುಂಗಿದಳು. ಗಂಡ ಅವಳ ಗಂಟಲನ್ನೇ ನೋಡುತ್ತಿದ್ದ.

‘ಸಕ್ಕರೆ ಜಾಸ್ತಿ ಆಯ್ತು’ ಎಂದಳು.